ಲಂಕೇಶ್ ಅವರನ್ನು ಎಲ್ಲಿಂದ ಓದಲು ಶುರು ಮಾಡಲಿ?

ಮಾನಸ ಶಿರಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಿ. ಲಂಕೇಶ್ ಬಗ್ಗೆ ಕೇಳಬೇಕಿತ್ತು. ಇಲ್ಲಿ ಹಿರಿಯ ಓದುಗರು ತುಂಬಾ ಜನ ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ನಾನು ಅವರದ್ದು ಓದಿರುವುದು ಪಿಯುಸಿಯಲ್ಲಿ ಪಾಠಕ್ಕಿದ್ದ ‘ಮುಟ್ಟಿಸಿಕೊಂಡವನು’ ಕತೆ ಮಾತ್ರ. ಕಣ್ಣು ನೋವಿನ ಬಸಲಿಂಗ, ಅವನಿಗೆ ಚಿಕಿತ್ಸೆ ಮಾಡುವ ಡಾಕ್ಟರ್ ತಿಮ್ಮಪ್ಪ, ಡಾಕ್ಟರ ಜಾತಿ ಗೊತ್ತಾದ ಮೇಲೆ ಬಸಲಿಂಗನ ಒಳಗೆ ಶುರುವಾಗುವ ಒದ್ದಾಟ. ಪರೀಕ್ಷೆಗೆ ಅಂತ ಓದಿದ ಬೇರೆ ಪಾಠಗಳೆಲ್ಲ ಮರೆತು ಹೋಗಿವೆ. ಇದು ಮಾತ್ರ ಹೋಗಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲ ಕಡೆ ‘ಲಂಕೇಶ್ ಪತ್ರಿಕೆ’ ಹೆಸರು ಬರುತ್ತದೆ. ಸಾರಾ ಅಬೂಬಕ್ಕರ್ ಬಗ್ಗೆ ಓದಿದರೂ ಅದೇ ಹೆಸರು. ನಮ್ಮ ಆಫೀಸಿನಲ್ಲಿ ರಿಟೈರ್ ಆಗಲು ಬಂದಿರುವ ಒಬ್ಬರು ಒಳ್ಳೆಯ ಓದುಗರು. ಅವರನ್ನು ಕೇಳಿದರೆ, ‘ಲಂಕೇಶ್ ದೊಡ್ಡ ಸಾಹಿತಿ ಆಗಬೇಕಿತ್ತಮ್ಮ, ಪತ್ರಿಕೆ ಶುರು ಮಾಡಿ ಹಾಳಾದರು’ ಅಂದುಬಿಟ್ಟರು. ಅದು ನಿಜವಾ? ಅವರು ನಿಜಕ್ಕೂ ಏನಾಗಿದ್ದರು, ಕತೆಗಾರರೋ, ಸಿನಿಮಾದವರೋ, ಪತ್ರಕರ್ತರೋ? ಈಗ ಹೊಸದಾಗಿ ಓದುವವರು ಯಾವ ಪುಸ್ತಕದಿಂದ ಶುರು ಮಾಡಬೇಕು?

ಕಿರಣ್ ಎಚ್.

ಪುಸ್ತಕಕ್ಕಿಂತ ಮೊದಲು ‘ಅವ್ವ’ ಪದ್ಯ ಓದಿ. ಒಂದೇ ಪದ್ಯ, ಐದು ನಿಮಿಷ ಸಾಕು. ತಾಯಿಯನ್ನು ದೇವರು ಮಾಡುವ ಪದ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಇವರು ಹಾಗೆ ಮಾಡಲಿಲ್ಲ. ಅವಳನ್ನು ಕಪ್ಪು ನೆಲ ಅಂದರು. ಪುರಾಣದ ಸಾವಿತ್ರಿ, ಜಾನಕಿಯರ ಸಾಲಿನಲ್ಲಿ ನಿಲ್ಲಿಸಲಿಲ್ಲ. ಹೊಲ, ದನ, ಕೂಳು, ಗಂಡನ ಜೊತೆ ಜಗಳ, ಇವುಗಳ ನಡುವೆ ದುಡಿದು ಹೋದ ಹೆಂಗಸು ಅವಳು. ನಾನು ಇದನ್ನು ನಮ್ಮಮ್ಮನಿಗೆ ಓದಿ ಹೇಳಿದ್ದೆ. ಇನ್ನೊಂದು ಸಲ ಓದು ಅಂದರು.

ಆಮೇಲೆ ‘ಹುಳಿಮಾವಿನ ಮರ’. ಅದು ಅವರ ಆತ್ಮಕತೆ.

ತರೀಕೆರೆ ಪೇಪರ್ ಅಂಗಡಿ

ಮಾನಸ ಅವರೇ, ನಿಮ್ಮ ಆಫೀಸಿನ ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ‘ಪತ್ರಿಕೆ ಮಾಡಿ ಹಾಳಾದರು’ ಅನ್ನುವುದು ಅವರೊಬ್ಬರ ಮಾತಲ್ಲ. ಎಂಬತ್ತರ ದಶಕದಿಂದಲೂ ಕೇಳುತ್ತಾ ಬಂದಿದ್ದೇನೆ. ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಪತ್ರಿಕೆ ಅವರನ್ನು ಇನ್ನೂ ಒಳ್ಳೆಯ ಕತೆಗಾರ ಮಾಡಿತು. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕಾಗುತ್ತದೆ.

ಮೊದಲು ಅವರು ಎಲ್ಲಿಂದ ಬಂದರು ನೋಡಿ. ಹುಟ್ಟಿದ್ದು 1935ರ ಮಾರ್ಚ್ 8, ಶಿವಮೊಗ್ಗ ಹತ್ತಿರದ ಕೊನಗವಳ್ಳಿ. ಬೇಸಾಯದ ಮನೆ. ಅವರು ಹುಡುಗನಾಗಿದ್ದ ಕಾಲಕ್ಕೆ ಆ ಜಿಲ್ಲೆ ಸುಮ್ಮನೆ ಇರಲಿಲ್ಲ. 1951ರಲ್ಲಿ ಸಾಗರದ ಹತ್ತಿರ ಕಾಗೋಡು ಸತ್ಯಾಗ್ರಹ ನಡೆಯಿತು, ಗೇಣಿದಾರರು ಭೂಮಾಲೀಕರ ಎದುರು ನಿಂತರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಾತನಾಡುತ್ತಿದ್ದ ಊರುಗಳು ಅವು. ಸಮಾಜವಾದ ಅನ್ನುವುದು ನಮ್ಮ ಕಡೆ ಪುಸ್ತಕದಿಂದ ಬಂದದ್ದಲ್ಲ, ಗದ್ದೆ ಬದುವಿನಿಂದ ಬಂದದ್ದು. ಲಂಕೇಶ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಮಾಡಿದರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಮಾಡಿದರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ಮೇಷ್ಟರಾಗಿ ಬಂದರು. ಆಮೇಲೆ ಬೆಂಗಳೂರು. ಅಷ್ಟು ಇಂಗ್ಲಿಷ್ ಓದಿದವರು ಬರೆಯಲು ಕೂತಾಗ ಮಾತ್ರ ಆ ಹಳ್ಳಿಯ ಬಾಯಿ ಬಿಡಲಿಲ್ಲ.

ಈಗ ಇಸವಿಗಳನ್ನು ನೋಡಿ. ಮೊದಲ ಕಥಾ ಸಂಕಲನ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ 1963ರದ್ದು. ಕಾದಂಬರಿ ‘ಬಿರುಕು’ 1967. 1970ರಲ್ಲಿ ‘ಅಕ್ಷರ ಹೊಸ ಕಾವ್ಯ’ ಅಂತ ಹೊಸ ಕವಿಗಳ ಪದ್ಯಗಳನ್ನು ಆರಿಸಿ ಒಂದು ಸಂಕಲನ ತಂದರು. ಯಾರು ಕವಿ, ಯಾರು ಅಲ್ಲ ಅಂತ ಅದರಿಂದ ಎಷ್ಟು ಜಗಳ ಆಗಿದೆಯೋ! ಅದೇ ವರ್ಷ ‘ಸಂಸ್ಕಾರ’ ಸಿನಿಮಾದಲ್ಲಿ ಪಾತ್ರ ಮಾಡಿದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಇವರು ಅಗ್ರಹಾರದ ಕಟ್ಟುಪಾಡನ್ನೆಲ್ಲ ಮುರಿದ ನಾರಣಪ್ಪ. ಫ್ರೆಂಚ್ ಕವಿ ಬೋದಿಲೇರನ ಪದ್ಯಗಳನ್ನು ‘ಪಾಪದ ಹೂಗಳು’ ಅಂತ ಕನ್ನಡಕ್ಕೆ ತಂದರು. ಬಸವಣ್ಣ ಮತ್ತು ಬಿಜ್ಜಳನನ್ನು ಎದುರುಬದುರು ನಿಲ್ಲಿಸಿ ‘ಸಂಕ್ರಾಂತಿ’ ನಾಟಕ ಬರೆದರು. ಆಮೇಲೆ ಸಿನಿಮಾ ಮಾಡುವ ಹುಚ್ಚು. 1976ರ ‘ಪಲ್ಲವಿ’ಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಅದು ಅವರ ಮೊದಲ ಸಿನಿಮಾ! ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಒಂದರ ಹಿಂದೆ ಒಂದು ಬಂದವು. ‘ಕೆಂಪಾದವೋ ಎಲ್ಲಾ ಕೆಂಪಾದವೋ’ ಹಾಡು ಕೇಳಿರುತ್ತೀರಿ, ಅದನ್ನು ಬರೆದವರೂ ಇವರೇ. ನಡುವೆ 1978ರಲ್ಲಿ ‘ಮುಸ್ಸಂಜೆಯ ಕಥಾಪ್ರಸಂಗ’ ಕಾದಂಬರಿ ಬೇರೆ.

ಇಷ್ಟೆಲ್ಲ ಆದ ಮೇಲೆ, 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಯಿತು. ಅವರಿಗೆ ಆಗ ನಲವತ್ತೈದು. ಬೆಂಗಳೂರು ಯೂನಿವರ್ಸಿಟಿಯ ಮೇಷ್ಟರ ಕೆಲಸ ಅಷ್ಟರಲ್ಲೇ ಬಿಟ್ಟಾಗಿತ್ತು.

ನಮ್ಮ ತಂದೆಯವರದ್ದು ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಪೇಪರ್ ಏಜೆನ್ಸಿ. ನಾನಾಗ ಹೈಸ್ಕೂಲು. ಬೆಂಗಳೂರಿನಿಂದ ಬಂಡಲ್ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ಇಳಿಸಿ, ಹುರಿ ಬಿಚ್ಚಿ, ಎಣಿಸಿ ಇಡುವುದು ನನ್ನ ಕೆಲಸ. ಬೇರೆ ವಾರಪತ್ರಿಕೆಗಳ ಮುಖಪುಟದಲ್ಲಿ ಬಣ್ಣದ ಹೀರೋಯಿನ್ ಇರುತ್ತಿದ್ದರು. ಇದು ಬರೀ ಕಪ್ಪು ಬಿಳುಪು. ತೆಳ್ಳಗೆ, ದಿನಪತ್ರಿಕೆಯ ಕಾಗದ. ಹೆಸರಿನ ಜೊತೆ ‘ಜಾಣ ಜಾಣೆಯರ ಪತ್ರಿಕೆ’ ಅಂತ ಬೇರೆ. ನಮ್ಮ ತಂದೆ ಮೊದಲು, ಇದು ಎಲ್ಲಿ ಓಡುತ್ತೆ ಅಂತ ಕಡಿಮೆ ಕಾಪಿ ತರಿಸಿದ್ದರು. ಆಮೇಲೆ ಮಾರದೆ ಉಳಿದ ಕಾಪಿಗಳ ರಿಟರ್ನ್ಸ್ ಕಟ್ಟುವ ಕೆಲಸವೇ ಇಲ್ಲದ ಹಾಗಾಯಿತು.

ಯಾರು ಕೊಳ್ಳುತ್ತಿದ್ದರು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂಡಕ್ಟರುಗಳು, ಕಟಿಂಗ್ ಶಾಪಿನವರು, ಹೈಸ್ಕೂಲು ಮೇಷ್ಟರು, ಅಡಿಕೆ ಮಂಡಿ ಗುಮಾಸ್ತರು. ತಾಲ್ಲೂಕು ಆಫೀಸಿನ ಒಬ್ಬರು ಬೇರೆ ಪೇಪರಿನ ಒಳಗೆ ಮಡಚಿ ಕೊಡಿ ಅನ್ನುತ್ತಿದ್ದರು. ಸಾಹಿತ್ಯದ ಪುಸ್ತಕವನ್ನು ಕೈಯಲ್ಲಿ ಹಿಡಿಯದ ಜನ ಇವರೆಲ್ಲ. ಅವರೇ ರಾಜಕೀಯದ ಸುದ್ದಿಗೆ ಅಂತ ಕೊಂಡು, ‘ನೀಲು’ ಓದಿಕೊಂಡು ನಗುತ್ತಿದ್ದರು. ನೀಲು ಅಂದರೆ ಒಬ್ಬ ಹೆಣ್ಣು ಮಾತಾಡಿದ ಹಾಗೆ ಬರುತ್ತಿದ್ದ ನಾಲ್ಕೈದು ಸಾಲಿನ ಪದ್ಯ. ಪ್ರೀತಿ, ಆಸೆ, ತುಂಟತನ, ಸಾವು ಎಲ್ಲ ಅಷ್ಟರಲ್ಲೇ. ಅದನ್ನು ಬರೆಯುತ್ತಿದ್ದುದು ಲಂಕೇಶರೇ. ಕವಿತೆ ಅನ್ನುವುದು ಕಟಿಂಗ್ ಶಾಪಿನ ಬೆಂಚಿನ ತನಕ ಹೋಗಿದ್ದನ್ನು ನಾನು ಅದರ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಇನ್ನೊಂದು ಮುಖ್ಯ ವಿಷಯ. ಆ ಪತ್ರಿಕೆಯಲ್ಲಿ ಜಾಹೀರಾತು ಇರಲಿಲ್ಲ. ಪೇಪರ್ ವ್ಯಾಪಾರ ಗೊತ್ತಿದ್ದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಒಂದು ಪತ್ರಿಕೆ ಮಾರಿದ ದುಡ್ಡು ಕಾಗದ, ಪ್ರೆಸ್ಸು, ಏಜೆಂಟ್ ಕಮಿಷನ್, ಬಸ್ ಚಾರ್ಜಿಗೇ ಹೋಗುತ್ತದೆ. ಉಳಿದವರೆಲ್ಲ ಬದುಕುವುದು ಜಾಹೀರಾತಿನಿಂದ, ಅದರಲ್ಲೂ ಸರ್ಕಾರಿ ಜಾಹೀರಾತಿನಿಂದ. ಅದು ಬೇಡ ಅಂದ ಮೇಲೆ ಸರ್ಕಾರ ಹಿಡಿದು ಹಿಂಡಲು ಜುಟ್ಟೇ ಸಿಗುವುದಿಲ್ಲ. ಓದುಗ ಕೊಡುವ ದುಡ್ಡಿನಲ್ಲೇ ನಡೆಯಬೇಕು. ಹಾಗೆ ಇಪ್ಪತ್ತು ವರ್ಷ ನಡೆಸಿದರು. ಇವತ್ತಿನ ದಿನ ಇದನ್ನು ಹೇಳಿದರೆ ನನ್ನ ಮಗ ನಂಬುವುದಿಲ್ಲ.

ಕಾಲವೂ ಹಾಗಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಆಗ ಗುಂಡೂರಾವ್ ಮುಖ್ಯಮಂತ್ರಿ. 1982ರಲ್ಲಿ ಗೋಕಾಕ್ ಚಳವಳಿ. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತು, ಕರ್ನಾಟಕಕ್ಕೆ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂತು. ಲಂಕೇಶ್ ಪತ್ರಿಕೆಯೇ ಸರ್ಕಾರ ಬೀಳಿಸಿತು ಅಂತ ನಾನು ಹೇಳುವುದಿಲ್ಲ. ರೈತರು, ಕನ್ನಡದ ಜನ, ದಲಿತರು ಎಲ್ಲ ಬೀದಿಯಲ್ಲಿದ್ದರು. ಆದರೆ ಅಲ್ಲಿಯವರೆಗೆ ಮಂತ್ರಿ ಅಂದರೆ ಎದ್ದು ನಿಲ್ಲುತ್ತಿದ್ದ ನಮ್ಮೂರಿನವರು ಮಂತ್ರಿಯನ್ನು ನೋಡಿ ನಗಲು ಕಲಿತದ್ದು ಈ ಪತ್ರಿಕೆಯಿಂದ. ಆಮೇಲೆ ರಾಮಕೃಷ್ಣ ಹೆಗಡೆ ಬಂದರು. ಅವರನ್ನೂ ಬಿಡಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪತ್ರಿಕೆ ಶುರುವಾದ ಮೇಲೆ ಬಂದ ಪುಸ್ತಕಗಳು ಯಾವುವು? ಕಥಾ ಸಂಕಲನ ‘ಕಲ್ಲು ಕರಗುವ ಸಮಯ’, ಕಾದಂಬರಿ ‘ಅಕ್ಕ’, ನಾಟಕ ‘ಗುಣಮುಖ’, 1997ರಲ್ಲಿ ‘ಹುಳಿಮಾವಿನ ಮರ’. ‘ಕಲ್ಲು ಕರಗುವ ಸಮಯ’ಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಳಾದವರು ಬರೆಯುವ ಪುಸ್ತಕಗಳಾ ಇವು?

‘ಬಿರುಕು’ ಮತ್ತು ‘ಅಕ್ಕ’ ಎರಡನ್ನೂ ಒಂದೇ ವಾರ ಓದಿ ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ. ‘ಬಿರುಕು’ ನವ್ಯರ ಕಾಲದ್ದು. ಓದಿದ ಒಬ್ಬ ಗಂಡಸಿನ ಒಳಗಿನ ಗೊಂದಲದಲ್ಲೇ ಕಾದಂಬರಿ ಸುತ್ತುತ್ತದೆ. ಚೆನ್ನಾಗಿದೆ, ಆದರೆ ಉಸಿರು ಕಟ್ಟುತ್ತದೆ. ಅದೇ ಕತೆಯನ್ನು ‘ಪಲ್ಲವಿ’ ಸಿನಿಮಾ ಮಾಡುವಾಗ ಹೆಣ್ಣಿನ ಕಡೆಯಿಂದ ಹೇಳಿದರು. ಅಲ್ಲೇ ಒಂದು ಹೆಜ್ಜೆ ಹೊರಗೆ ಬಂದಿದ್ದರು. ‘ಅಕ್ಕ’ದ ಹೊತ್ತಿಗೆ ಕತೆ ಹೇಳುವವನು ಸ್ಲಮ್ಮಿನ ಹುಡುಗ ಕ್ಯಾತ. ಅವನಿಗೆ ಅಕ್ಷರ ಇಲ್ಲ, ತತ್ವ ಇಲ್ಲ, ಇರುವುದು ಅಕ್ಕ ಮಾತ್ರ. ಅವನ ಬಾಯಲ್ಲಿ ಒಂದು ಮಾತೂ ಲೇಖಕರದ್ದು ಅನಿಸುವುದಿಲ್ಲ. ಇದು ಎಲ್ಲಿಂದ ಬಂತು? ಹತ್ತು ವರ್ಷ ಪ್ರತಿ ವಾರ ಜಿಲ್ಲೆಗಳಿಂದ ಬಂದ ವರದಿ, ದೂರು, ಕಾಗದ, ಕೈಬರಹದ ಪದ್ಯ, ಇವನ್ನೆಲ್ಲ ಓದಿ ತಿದ್ದಿದ್ದರಿಂದ ಬಂತು ಅಂತ ನನ್ನ ನಂಬಿಕೆ. ವಾಕ್ಯ ಚಿಕ್ಕದಾಯಿತು. ಕಂಡಕ್ಟರಿಗೂ ಅರ್ಥ ಆಗಬೇಕು, ಕವಿಗೂ ರುಚಿಸಬೇಕು ಅನ್ನುವ ಹದ ಸಿಕ್ಕಿತು.

ಬರೆಯುವವರ ವಿಷಯ ನೀವೇ ಹೇಳಿದ್ದೀರಿ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಇಲ್ಲೇ. ಮನೆಯಲ್ಲಿ ಸಂಸಾರ ನೋಡಿಕೊಂಡಿದ್ದ ಹೆಣ್ಣುಮಗಳು ಅವರು. ಕಾಸರಗೋಡಿನ ಕಡೆಯ ಮುಸ್ಲಿಂ ಮನೆಯ ಒಳಗಿನ ಕತೆ, ತಲಾಖಿನ ಕತೆ. ನಮ್ಮ ಅಂಗಡಿಗೆ ಬುರ್ಖಾ ಹಾಕಿದ ಒಬ್ಬರು ತಮ್ಮ ಮಗನನ್ನು ಕಳಿಸಿ ವಾರವಾರ ತರಿಸಿಕೊಳ್ಳುತ್ತಿದ್ದರು. ಆ ಹುಡುಗ ನನ್ನ ಕ್ಲಾಸಿನವನು. ಅಮ್ಮ ಕತೆಯ ನಾದಿರಾ ಏನಾದಳು ಅಂತ ಕೇಳುತ್ತಾಳೆ, ಪೇಪರ್ ಬಂತಾ ಅನ್ನುತ್ತಿದ್ದ. ಚಂದ್ರೇಗೌಡರು ‘ಕಟ್ಟೆ ಪುರಾಣ’ದಲ್ಲಿ ಹಳ್ಳಿಕಟ್ಟೆಯ ಮಾತನ್ನು ಹಾಗೇ ಎತ್ತಿ ತಂದರು. ಪೂರ್ಣಚಂದ್ರ ತೇಜಸ್ವಿ ಬರೆದರು. ಇವರಲ್ಲಿ ಕೆಲವರು ಮೊದಲೇ ದೊಡ್ಡವರು. ಆದರೆ ತಾವು ಬರೆಯುತ್ತೇವೆ ಅಂತ ತಮಗೇ ಗೊತ್ತಿಲ್ಲದ ಎಷ್ಟೋ ಜನರಿಂದ ಅವರು ಬರೆಸಿದರು. ಕನ್ನಡಕ್ಕೆ ಅದು ಕಾದಂಬರಿ ಬರೆದಷ್ಟೇ ದೊಡ್ಡ ಕೆಲಸ ಅಂತ ನನಗನಿಸುತ್ತದೆ.

ಶುರು ಮಾಡುವುದಕ್ಕೆ ‘ಕಲ್ಲು ಕರಗುವ ಸಮಯ’ ತಗೊಳ್ಳಿ. ಅದಾದ ಮೇಲೆ ‘ಹುಳಿಮಾವಿನ ಮರ’. ‘ಮುಸ್ಸಂಜೆಯ ಕಥಾಪ್ರಸಂಗ’ಕ್ಕೆ ಸ್ವಲ್ಪ ಸಮಯ ಇಟ್ಟುಕೊಂಡು ಕೂರಿ, ರಂಗವ್ವನ ಬಾಯಿಗೆ ಒಗ್ಗಿಕೊಳ್ಳಲು ಎರಡು ಅಧ್ಯಾಯ ಬೇಕು. ಒಗ್ಗಿದ ಮೇಲೆ ಬಿಡುವುದಿಲ್ಲ.

ವಸಂತಾ, ಹಾಸನ

ಮೇಲಿನವರು ಪ್ರೀತಿಯಿಂದ ಬರೆದಿದ್ದಾರೆ. ಓದಿ ಖುಷಿಯಾಯಿತು. ಆದರೆ ಮಾನಸ ಓದಲು ಹೊರಟಿರುವುದರಿಂದ ಇನ್ನೊಂದು ಕಡೆಯನ್ನೂ ಹೇಳಬೇಕು.

ಆ ಪತ್ರಿಕೆಯ ಭಾಷೆಗೆ ಕ್ರೌರ್ಯವೂ ಇತ್ತು. ಗುಂಡೂರಾವ್ ಅವರನ್ನು ‘ಗುಂ’ ಅಂದರು, ಬಂಗಾರಪ್ಪ ಅವರನ್ನು ‘ಬಂ’ ಅಂದರು. ಅಧಿಕಾರದಲ್ಲಿ ಇರುವವರಿಗೆ ಹಾಗೆ ಅಂದರೆ ಸರಿ, ಅವರಿಗೆ ತಡೆದುಕೊಳ್ಳುವ ಶಕ್ತಿ ಇದೆ. ಅದೇ ಧಾಟಿಯನ್ನು ಸಾಹಿತಿಗಳ ಮೇಲೆ, ಒಂದು ಕಾಲದ ಗೆಳೆಯರ ಮೇಲೆ, ಜನರ ಖಾಸಗಿ ಬದುಕಿನ ಮೇಲೆ ತಿರುಗಿಸಿದಾಗ ನನಗೆ ಹಿಡಿಸುತ್ತಿರಲಿಲ್ಲ. ಆಮೇಲೆ ಬಂದ ಎಷ್ಟೋ ಟ್ಯಾಬ್ಲಾಯ್ಡ್‌ಗಳು ಇವರಿಂದ ಕಲಿತದ್ದು ಆ ಬೈಗುಳವನ್ನೇ. ಅವರ ಓದನ್ನೂ ಕಲಿಯಲಿಲ್ಲ, ಧೈರ್ಯವನ್ನೂ ಕಲಿಯಲಿಲ್ಲ. ಅದಕ್ಕೆ ಲಂಕೇಶ್ ಹೊಣೆ ಅಲ್ಲ ಅನ್ನಬಹುದು. ಆದರೂ ದಾರಿ ತೋರಿಸಿದವರ ಮೇಲೆ ಸ್ವಲ್ಪ ಭಾರ ಇದ್ದೇ ಇರುತ್ತದೆ, ಅಲ್ವಾ?

ಇನ್ನು ಬಾನು ಮುಷ್ತಾಕ್. ನಮ್ಮೂರಿನವರು, ಹಾಗಾಗಿ ಹೇಳುತ್ತೇನೆ. ಲಂಕೇಶ್ ಅವರನ್ನು ‘ಬೆಳೆಸಿದರು’ ಅಂತ ಬರೆಯುವವರನ್ನು ನೋಡಿದರೆ ಬೇಸರ ಆಗುತ್ತದೆ. ಅವರು ಹಾಸನದಿಂದ ಪತ್ರಿಕೆಗೆ ವರದಿ ಮಾಡಿದರು, ನಗರಸಭೆ ಸದಸ್ಯೆಯಾದರು, ವಕೀಲಿಕೆ ಮಾಡಿದರು. ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ 2000ನೇ ಇಸವಿಯಲ್ಲಿ ಬಹಿಷ್ಕಾರ ಅನುಭವಿಸಿದರು. ಆ ಹೊತ್ತಿಗೆ ಲಂಕೇಶ್ ತೀರಿಕೊಂಡಿದ್ದರು. ಪತ್ರಿಕೆ ಅವರಿಗೆ ಜಾಗ ಕೊಟ್ಟಿತು. ಆ ಜಾಗದಲ್ಲಿ ನಿಂತು ಹೋರಾಡಿದ್ದು ಅವರೇ.

ಮಾನಸ, ‘ಹುಳಿಮಾವಿನ ಮರ’ ಓದಿದ ತಕ್ಷಣ ಇಂದಿರಾ ಲಂಕೇಶ್ ಅವರ ‘ಹುಳಿಮಾವು ಮತ್ತು ನಾನು’ ಓದಿ. ಗಂಡ ಕೆಲಸ ಬಿಟ್ಟು ಸಿನಿಮಾ, ಪತ್ರಿಕೆ ಅಂತ ಓಡಾಡುವಾಗ ಮನೆ ಹೇಗೆ ನಡೆಯಿತು ಅನ್ನುವುದು ಅಲ್ಲಿದೆ. ಸೀರೆ ವ್ಯಾಪಾರ ಮಾಡಿ ಮೂರು ಮಕ್ಕಳ ಸಂಸಾರ ತೂಗಿಸಿದ ಹೆಂಗಸು ಅವರು. ಎರಡೂ ಪುಸ್ತಕ ಒಟ್ಟಿಗೆ ಓದಿದರೆ ಮಾತ್ರ ಆ ಬದುಕು ಪೂರ್ತಿ ಕಾಣುತ್ತದೆ. ದೊಡ್ಡ ಲೇಖಕರ ಆತ್ಮಕತೆಗಳನ್ನೆಲ್ಲ ಹೀಗೆ ಜೋಡಿಯಾಗಿ ಓದುವ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ತರೀಕೆರೆ ಪೇಪರ್ ಅಂಗಡಿ

ವಸಂತಾ ಮೇಡಂ, ಬಾನು ಅವರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇಂದಿರಾ ಅವರ ಪುಸ್ತಕದ ಬಗ್ಗೆಯೂ.

ಬೈಗುಳದ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಸಾಹಿತಿಗಳ ಜೊತೆಗಿನ ಜಗಳಗಳಲ್ಲಿ ಹಠ ಜಾಸ್ತಿ ಇತ್ತು, ನಿಜ. ಆದರೆ ಅಡ್ಡಹೆಸರುಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಎಮರ್ಜೆನ್ಸಿ ಮುಗಿದು ನಾಲ್ಕೈದು ವರ್ಷ ಆಗಿತ್ತಷ್ಟೇ. ಪೊಲೀಸು, ಅಮಲ್ದಾರು, ಎಮ್ಮೆಲ್ಲೆ ಅಂದರೆ ಜನ ಹೆದರುತ್ತಿದ್ದ ಕಾಲ. ಆ ಹೆದರಿಕೆಯನ್ನು ಸಂಪಾದಕೀಯ ಬರೆದು ಓಡಿಸಲು ಆಗುತ್ತಿರಲಿಲ್ಲ. ಒಂದಕ್ಷರದ ಹೆಸರು ಓಡಿಸಿತು. ನಮ್ಮ ಅಂಗಡಿ ಮುಂದೆ ನಿಂತವರು ಅದನ್ನು ಜೋರಾಗಿ ಹೇಳಿ ನಗುತ್ತಿದ್ದರು. ಜೋರಾಗಿ ಹೇಳುವುದೇ ದೊಡ್ಡ ವಿಷಯ ಆಗಿತ್ತು.

ಅವರು ಎಲ್ಲದರಲ್ಲೂ ಗೆದ್ದವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪ್ರಗತಿರಂಗ ಅಂತ ಒಂದು ರಾಜಕೀಯ ವೇದಿಕೆ ಕಟ್ಟಲು ಹೊರಟರು. ಊರೂರು ತಿರುಗಿದರು. ಅದು ನಿಲ್ಲಲಿಲ್ಲ. ಬರೆಯುವವರನ್ನು ಒಂದು ಕಡೆ ಸೇರಿಸಬಲ್ಲವರು, ಓಟು ಕೇಳುವವರನ್ನು ಸೇರಿಸಲು ಆಗಲಿಲ್ಲ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಪಕ್ಷ ಅಂದರೆ ಹತ್ತು ಜನರನ್ನು ಸಮಾಧಾನ ಮಾಡುತ್ತಾ ಕೂರಬೇಕು. ಅವರಿಗೆ ಸಮಾಧಾನ ಮಾಡಿ ಗೊತ್ತಿರಲಿಲ್ಲ.

ಅವರ ಕೋಪ ಹೇಗೆ ಬದಲಾಯಿತು ಅಂತ ನೋಡಬೇಕಾದರೆ ‘ಗುಣಮುಖ’ ನಾಟಕ ಓದಿ. ದೆಹಲಿಯನ್ನು ಲೂಟಿ ಮಾಡಲು ಬಂದ ನಾದಿರ್ ಶಾಗೆ ಕಾಯಿಲೆ. ಅವನ ಸುತ್ತ ಇರುವವರೆಲ್ಲ ಹೆದರಿ ಹೊಗಳುವವರು. ಹಕೀಮ ಅಲವಿಖಾನ್ ಒಬ್ಬನಿಗೆ ಮಾತ್ರ ಹೆದರಿಕೆ ಇಲ್ಲ. ಅವನು ರೋಗಿಗೆ ನಿಜ ಹೇಳುತ್ತಾನೆ, ಅಧಿಕಾರವೇ ನಿನ್ನ ಕಾಯಿಲೆ ಅನ್ನುವ ಹಾಗೆ ನಡೆದುಕೊಳ್ಳುತ್ತಾನೆ, ಅವನನ್ನು ಗುಣ ಮಾಡಲೂ ನೋಡುತ್ತಾನೆ. 1980ರ ಲಂಕೇಶ್ ಆಗಿದ್ದರೆ ನಾದಿರ್ ಶಾನನ್ನು ಹೊಡೆದು ಕೆಡವುತ್ತಿದ್ದರು. ತೊಂಬತ್ತರ ದಶಕದ ಲಂಕೇಶ್ ಅವನಿಗೆ ಔಷಧಿ ಕೊಟ್ಟರು. ಹತ್ತಾರು ಮುಖ್ಯಮಂತ್ರಿ, ಮಂತ್ರಿಗಳನ್ನು ಹತ್ತಿರದಿಂದ ನೋಡದ ಸಾಹಿತಿ ಅಂಥ ನಾಟಕ ಬರೆಯಲು ಸಾಧ್ಯವಿರಲಿಲ್ಲ. ಪತ್ರಿಕೆ ಅವರನ್ನು ಹಾಳು ಮಾಡಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ ಅದೇ ನಾಟಕ.

ಕಿರಣ್ ಎಚ್.

‘ಗುಣಮುಖ’ ನಮ್ಮ ಕಾಲೇಜಿನ ತಂಡ ಆಡಿತ್ತು. ನಾನು ಲೈಟ್ಸ್ ಮಾಡಿದ್ದೆ. ಹಕೀಮನ ಪಾತ್ರದ ಹುಡುಗ ಮಾತು ತಗ್ಗಿಸಿ ಆಡಿದಷ್ಟೂ ಸಭೆ ನಿಶ್ಶಬ್ದ ಆಗುತ್ತಿತ್ತು. ಓದುವುದಕ್ಕಿಂತ ಆಡಿದರೆ ಚೆನ್ನ. ಎಲ್ಲಾದರೂ ಪ್ರದರ್ಶನ ಇದ್ದರೆ ತಪ್ಪಿಸಬೇಡಿ.

ಮಾನಸ ಶಿರಾ

ಸರ್, ಮೇಡಂ, ಕಿರಣ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ‘ಅವ್ವ’ ಪದ್ಯ ಹುಡುಕಿ ಓದಿದೆ. ಎರಡು ಸಲ. ‘ಕಲ್ಲು ಕರಗುವ ಸಮಯ’ ಮತ್ತು ಎರಡು ಹುಳಿಮಾವಿನ ಪುಸ್ತಕಗಳನ್ನು ಈ ವಾರ ತಗೊಳ್ಳುತ್ತೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಪತ್ರಿಕೆಯಲ್ಲಿ ಅವರೇ ಬರೆದದ್ದು ಪುಸ್ತಕವಾಗಿ ಸಿಗುತ್ತದಾ? ಆ ರಾಜಕೀಯ ನಾನು ನೋಡಿಲ್ಲ. ಗುಂಡೂರಾವ್, ಬಂಗಾರಪ್ಪ ಹೆಸರು ಮಾತ್ರ ಗೊತ್ತು. ಈಗ ಓದಿದರೆ ತಲೆಬುಡ ತಿಳಿಯುತ್ತದಾ? ಮತ್ತೆ ಅವರು ಹೋದ ಮೇಲೆ ಪತ್ರಿಕೆ ಏನಾಯಿತು?

ತರೀಕೆರೆ ಪೇಪರ್ ಅಂಗಡಿ

ಸಿಗುತ್ತದೆ. ಅವರ ವಾರದ ಅಂಕಣದ ಹೆಸರು ‘ಟೀಕೆ ಟಿಪ್ಪಣಿ’. ಅದೇ ಹೆಸರಿನಲ್ಲಿ ಸಂಪುಟಗಳಾಗಿ ಬಂದಿವೆ. ದಪ್ಪ ಪುಸ್ತಕ. ಮೊದಲಿನಿಂದ ಕೊನೆಯ ತನಕ ಓದಲು ಹೋಗಬೇಡಿ. ಮಧ್ಯೆ ಎಲ್ಲಾದರೂ ತೆರೆಯಿರಿ. ಎಮ್ಮೆಲ್ಲೆಗಳ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಒಂದು ಪುಟದಲ್ಲಿ ಚುನಾವಣೆ ಇರುತ್ತದೆ, ಮುಂದಿನ ಪುಟದಲ್ಲಿ ಯಾವುದೋ ರಷ್ಯನ್ ಲೇಖಕ, ಅದರ ಮುಂದೆ ತೀರಿಹೋದ ಗೆಳೆಯನ ನೆನಪು ಅಥವಾ ಕುದುರೆ ರೇಸು. ಸತ್ತವರ ಬಗ್ಗೆ ಅವರು ಬರೆದ ಟಿಪ್ಪಣಿಗಳನ್ನು ಹುಡುಕಿ ಓದಿ. ಸುಳ್ಳು ಹೊಗಳಿಕೆ ಒಂದು ಸಾಲೂ ಇರುವುದಿಲ್ಲ, ಆದರೂ ಕಣ್ಣು ಒದ್ದೆಯಾಗುತ್ತದೆ. ನೀಲು ಪದ್ಯಗಳೂ ಬೇರೆ ಪುಸ್ತಕವಾಗಿವೆ.

ಅವರು ತೀರಿಕೊಂಡದ್ದು 2000ದ ಜನವರಿ 25. ಮಗಳು ಗೌರಿ ಪತ್ರಿಕೆಯ ಸಂಪಾದಕಿಯಾದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಕೆಲಸ ಮಾಡಿಕೊಂಡಿದ್ದವರು, ಅಪ್ಪನ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಬರೆಯಲು ಕಲಿತರು. ಆಮೇಲೆ ತಮ್ಮ ಇಂದ್ರಜಿತ್ ಜೊತೆ ಭಿನ್ನಾಭಿಪ್ರಾಯ ಬಂದು 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ ಶುರು ಮಾ​ಡಿದರು. ಅದರಲ್ಲೂ ಜಾಹೀರಾತು ಇರಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಅವರ ಮನೆ ಬಾಗಿಲಲ್ಲೇ ಗುಂಡು ಹೊಡೆದು ಕೊಂದರು. ಇನ್ನೊಬ್ಬ ಮಗಳು ಕವಿತಾ ‘ಅಕ್ಕ’ ಕಾದಂಬರಿಯನ್ನು ‘ದೇವೀರಿ’ ಅಂತ ಸಿನಿಮಾ ಮಾಡಿದ್ದಾರೆ, ನಂದಿತಾ ದಾಸ್ ಇದ್ದಾರೆ. ಪುಸ್ತಕ ಓದಿದ ಮೇಲೆ ನೋಡಿ.

ಹಳೆಯ ಸಂಚಿಕೆಗಳು ಬೇಕು ಅನಿಸಿದರೆ ಬೆಂಗಳೂರಿನಲ್ಲಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಆ ಕಾಗದ ಬೇಗ ಹಳದಿ ಆಗುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ. ಸಿಕ್ಕಿದರೆ ಒಂದನ್ನು ಪೂರ್ತಿ ಓದಿ, ಓದುಗರ ಪತ್ರಗಳನ್ನೂ ಬಿಡಬೇಡಿ. ‘ಕಲ್ಲು ಕರಗುವ ಸಮಯ’ ಮುಗಿದ ಮೇಲೆ ಇಲ್ಲೇ ಬರೆಯಿರಿ ಮಾನಸ ಅವರೇ. ನಿಮಗೆ ಯಾವ ಕತೆ ಹಿಡಿಸಿತು ಅಂತ ತಿಳಿದುಕೊಳ್ಳುವ ಆಸೆ ನನಗಿದೆ.